ಮೂರು ಬಿಳಿ, ಎರಡು ಕಪ್ಪು

ನಮ್ಮ ಮನೆಯಲ್ಲಿ ಯಾವುದನ್ನೂ ಯಾರೂ ಒಬ್ಬರೇ ತೀರ್ಮಾನಿಸುವುದಿಲ್ಲ. ಡಬ್ಬಿ ತೀರ್ಮಾನಿಸುತ್ತದೆ. ಬಿಸ್ಕತ್ತಿನ ಹಳೆಯ ದುಂಡು ಡಬ್ಬಿ ಅದು. ಮುಚ್ಚಳದ ನಡುವೆ ಅಕ್ಕ ಕತ್ತರಿಯ ತುದಿಯಿಂದ ಸೀಳಿದ ಒಂದು ಬಾಯಿ. ಅಕ್ಕ ಹೊಲಿಗೆಯವಳು, ಅವಳ ಕೋಣೆಯಲ್ಲಿ ಗುಂಡಿಗಳಿಗೇನು ಬರ? ಫ್ರಿಜ್ ಯಾವ ಬಣ್ಣದ್ದು, ಬಾಗಿಲಿಗೆ ಗಂಟೆ ಬೇಕೋ ಬೇಡವೋ, ನಾಯಿ ಸಾಕಬಹುದೋ ಬಾರದೋ ಎಂದು ಮಾತು ಕಾವೇರುವ ಹೊತ್ತಿಗೆ ನಮ್ಮತ್ತೆ ಕೈಯೆತ್ತಿ, "ಸಾಕು ನಿಮ್ಮ ಬಾಯಿ, ಡಬ್ಬಿ ತನ್ನಿ" ಎನ್ನುತ್ತಾರೆ. ಒಬ್ಬೊಬ್ಬರಾಗಿ ಅಕ್ಕನ ಕೋಣೆಗೆ ಹೋಗಿ, ಜಾಡಿಯಿಂದ ಒಂದು ಗುಂಡಿ ಆರಿಸಿ, ಡಬ್ಬಿಯ ಬಾಯಿಗೆ ಹಾಕಿ ಬರಬೇಕು. ಬಿಳಿಯೆಂದರೆ ಇದು, ಕಪ್ಪೆಂದರೆ ಅದು ಎಂದು ಮೊದಲೇ ಗೊತ್ತು ಮಾಡಿಕೊಂಡಿರುತ್ತೇವೆ. ಯಾರು ಏನು ಹಾಕಿದರು ಎಂದು ಕೇಳುವಂತಿಲ್ಲ, ಹೇಳುವಂತಿಲ್ಲ. ಬಂದ ಫಲವನ್ನು ಆಮೇಲೆ ಯಾರಿಗೋಸ್ಕರವೂ ಬದಲಾಯಿಸುವಂತಿಲ್ಲ.

ಎಣಿಸುವ ಕೆಲಸ ನನ್ನದು. ಅತ್ತೆಗೆ ಬೇಕಾದ ಹೊತ್ತಿಗೆ ಕನ್ನಡಕ ಸಿಗುವುದಿಲ್ಲ. ನಮ್ಮ ಯಜಮಾನರಿಗೆ ಮುಖದಲ್ಲಿ ಗುಟ್ಟು ನಿಲ್ಲುವುದಿಲ್ಲ. ಮಗಳು ಪುಟ್ಟಿಗೆ ಇನ್ನೂ ಹತ್ತು ವರ್ಷ. ಅಕ್ಕನಂತೂ, "ನೀನು ಓದಿದವಳು ಕಣೇ, ನೀನೇ ಎಣಿಸು" ಎನ್ನುತ್ತಾಳೆ, ಐದು ಗುಂಡಿ ಎಣಿಸುವುದಕ್ಕೆ ಡಿಗ್ರಿ ಬೇಕು ಅನ್ನುವ ಹಾಗೆ. ಆ ಡಿಗ್ರಿ ಕೊಡಿಸಿದ್ದೂ ಅವಳ ಸೂಜಿಯೇ ಅನ್ನಿ. ಅಪ್ಪ ಅಮ್ಮ ಹೋದಾಗ ನನಗೆ ಎಂಟು, ಅವಳಿಗೆ ಇಪ್ಪತ್ತೊಂದು. ಅಂದಿನಿಂದ ಅವಳ ಮಿಷನ್ನೇ ನಮ್ಮಿಬ್ಬರಿಗೂ ಅಪ್ಪ, ಅಮ್ಮ, ಮನೆ ಎಲ್ಲ. ನನ್ನ ಮದುವೆಯ ಮಾತು ನಡೆದಾಗ ನಮ್ಮ ಯಜಮಾನರೇ, "ಅತ್ತಿಗೆ ಇಲ್ಲದ ಮನೆಗೆ ಇವಳೊಬ್ಬಳನ್ನ ಕರ್ಕೊಂಡು ಹೋಗಿ ನಾನೇನು ಮಾಡ್ಲಿ? ಅನ್ನ ಬೇಯಿಸೋಕೂ ಬರಲ್ಲ" ಎಂದು ನಗಿಸಿ ಅವಳನ್ನೂ ಕರೆತಂದರು. ಡಬ್ಬಿಯನ್ನು ಅವಳು ತಂದಳು. ನಾವಿಬ್ಬರೂ ಚಿಕ್ಕಂದಿನಲ್ಲಿ ಜಗಳ ಬಿಡಿಸಿಕೊಳ್ಳುತ್ತಿದ್ದ ಡಬ್ಬಿ ಅದು.

ಈ ಸಲ ಡಬ್ಬಿಯ ಮುಂದೆ ಬಂದದ್ದು ನೆಲ.

ಹಳೆಯ ಸಿಮೆಂಟ್ ನೆಲ ಹಾಲ್‌ನಿಂದ ಹಿಡಿದು ಅಕ್ಕನ ಕೋಣೆಯವರೆಗೆ ಬಿರುಕು ಬಿಟ್ಟಿತ್ತು. ಅದರ ಮೇಲೆಯೇ ಮರದಂತೆ ಕಾಣುವ ಲ್ಯಾಮಿನೇಟ್ ಹಲಗೆ ಹಾಸಿಬಿಡೋಣ ಎನ್ನುವಲ್ಲಿಗೆ ಎಲ್ಲರೂ ಒಪ್ಪಿದ್ದೆವು, ಜಗಳ ಇದ್ದದ್ದು ಬಣ್ಣದ್ದು. ಅಂಗಡಿಗೆ ನಾನೊಬ್ಬಳೇ ಹೋಗಿದ್ದೆ. ಅಂಗಡಿಯವರು ಮಾತುಗಾರರು, ನನ್ನ ಜಾತಿಯೇ.

"ಅಮ್ಮ, ಮಾದರಿ ತುಂಡನ್ನ ಕೈಯಲ್ಲಿ ಹಿಡ್ಕೊಂಡು ನೋಡಬೇಡಿ. ನೆಲ ಕೈಯಲ್ಲಿರುತ್ತಾ? ಕೆಳಗಿಡಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿ. ಮನೇಲಿ ಯಾರಾದ್ರೂ ಕೂತು ಕೆಲಸ ಮಾಡೋರಿದ್ದಾರಾ?"

"ನಮ್ಮಕ್ಕ ಹೊಲೀತಾರೆ."

"ಹಾಗಿದ್ರೆ ಕಣ್ಣುಮುಚ್ಚಿ ತಿಳಿ ಬಣ್ಣ ತಗೊಳ್ಳಿ. ತಿಳಿ ನೆಲ ಬೆಳಕನ್ನ ವಾಪಸ್ ಕೊಡುತ್ತೆ. ಈ ಗಾಢದ್ದಿದೆಯಲ್ಲ, ಕುಡಿದುಬಿಡುತ್ತೆ. ಅದರ ಮೇಲೆ ಈ ಪಾಟಿ ಹೊಳಪು ಬೇರೆ. ಸೂಜಿ ಬಿದ್ರೆ ಸೂಜಿ ಯಾವುದು, ಹೊಳಪಿನ ಗೆರೆ ಯಾವುದು ಗೊತ್ತಾಗಲ್ಲ. ಕೊನೆಗೆ ನಿಮ್ಮ ಕಾಲೇ ಹುಡುಕಿ ಕೊಡಬೇಕು!"

ಅವರೂ ನಕ್ಕರು, ನಾನೂ ನಕ್ಕೆ. ಎರಡು ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ಬಂದೆ: ಒಂದು ಗೋಧಿ ಬಣ್ಣದ್ದು, ಇನ್ನೊಂದು ಹಾಲು ಹಾಕದ ಕಾಫಿಯ ಬಣ್ಣದ್ದು. ಅಂಗಡಿಯವರ ಮಾತನ್ನು ಮಾತ್ರ ಚೀಲಕ್ಕೆ ಹಾಕಿಕೊಳ್ಳಲಿಲ್ಲ. ಮನೆಯಲ್ಲಿ ಕೇಳಿದವರಿಗೆ, "ಎರಡೂ ಗಟ್ಟಿಯಂತೆ, ಬಣ್ಣ ನಮ್ಮಿಷ್ಟವಂತೆ" ಎಂದೆ.

ಯಾಕೆಂದರೆ ನನಗೆ ಆ ಕಾಫಿ ಬಣ್ಣದ್ದೇ ಬೇಕಿತ್ತು. ಬೇಕಿತ್ತು ಅಂದರೆ ನಿನ್ನೆ ಮೊನ್ನೆಯಿಂದಲ್ಲ. ಒಂಬತ್ತು ವರ್ಷದವಳಿದ್ದಾಗ ಅಕ್ಕ ಹೊಲಿದ ಬಟ್ಟೆಗಳನ್ನು ಮನೆಮನೆಗೆ ಮುಟ್ಟಿಸುವುದು ನನ್ನ ಕೆಲಸವಾಗಿತ್ತು. ಒಂದು ಮನೆಯ ಒಡತಿ ಬಾಗಿಲು ತೆರೆದು, "ಅಲ್ಲೇ ನಿಲ್ಲು, ಕಾಲು ಒಳಗಿಡಬೇಡ, ಈಗಷ್ಟೇ ಒರೆಸಿದೆ" ಎಂದು ಹೇಳಿ, ಬಟ್ಟೆ ತೆಗೆದುಕೊಂಡು ಒಳಗೆ ಹೋದಳು. ನಾನು ಹೊಸ್ತಿಲಾಚೆ ನಿಂತು ಆ ನೆಲವನ್ನೇ ನೋಡಿದೆ. ಕಪ್ಪು ಮರದ ನೆಲ. ಕುರ್ಚಿಯ ಕಾಲುಗಳು ಅದರೊಳಗೂ ತಲೆಕೆಳಗಾಗಿ ನಿಂತಿದ್ದವು. ಒಡತಿ ಹಿಂತಿರುಗಿ ಬಂದಾಗ ಅವಳ ಜೊತೆ ಇನ್ನೊಬ್ಬಳು ಒಡತಿ ಪಾದಕ್ಕೆ ಪಾದ ಅಂಟಿಸಿಕೊಂಡು ನಡೆದು ಬಂದಳು. ಅಂಥ ನೆಲದ ಮೇಲೆ ಬರಿಗಾಲಲ್ಲಿ ನಡೆಯಬೇಕು, ಯಾರೂ ತಡೆಯಬಾರದು. ಅಷ್ಟೇ ನನ್ನ ಆಸೆ.

ತುಂಡುಗಳನ್ನು ಹಾಲ್‌ನಲ್ಲಿ ಇಟ್ಟು ಮೂರು ದಿನ ಎಲ್ಲರೂ ಸುತ್ತು ಹೊಡೆದೆವು. ಅತ್ತೆ ಎರಡರ ಮೇಲೂ ಒಂದೊಂದು ಕಾಲಿಟ್ಟು ನಿಂತು, "ನನಗೆರಡೂ ತಣ್ಣಗಿಲ್ಲ, ಸಂತೋಷ" ಎಂದರು. ಯಜಮಾನರು ಕಾಫಿ ಬಣ್ಣದ್ದನ್ನು ಹೊಗಳಿದರು. ಪುಟ್ಟಿ ಎರಡರ ಮೇಲೂ ಗೋಲಿ ಉರುಳಿಸಿದಳು. ಅಕ್ಕ ಎರಡನ್ನೂ ತನ್ನ ಕೋಣೆಗೆ ಒಯ್ದು ಮಿಷನ್ನಿನ ಕೆಳಗಿಟ್ಟು ನೋಡಿ, ಹಾಗೆಯೇ ತಂದಿಟ್ಟಳು.

ಭಾನುವಾರ ಬೆಳಿಗ್ಗೆ ಡಬ್ಬಿ. ಬಿಳಿಯೆಂದರೆ ಗೋಧಿ ಬಣ್ಣ, ಕಪ್ಪೆಂದರೆ ಕಾಫಿ ಬಣ್ಣ. ನಾಲ್ವರು ಹೋಗಿ ಬಂದರು, ಕೊನೆಗೆ ನಾನು ಹೋಗಿ ಕಪ್ಪು ಗುಂಡಿ ಹಾಕಿದೆ. ಮುಚ್ಚಳ ಬಿಗಿ, ಚಮಚದಿಂದ ಮೀಟಿಯೇ ತೆರೆಯಬೇಕು. ಹೊರಗೆ ಅತ್ತೆ, "ಎಷ್ಟೊತ್ತೇ, ಐದು ಗುಂಡಿಗೆ!" ಎನ್ನುತ್ತಿದ್ದರು.

ಮೂರು ಬಿಳಿ, ಎರಡು ಕಪ್ಪು.

ನಾನು ಇನ್ನೊಮ್ಮೆ ಎಣಿಸಿದೆ, ಐದನ್ನು ಬೇರೆ ಥರ ಎಣಿಸಲು ಬರುತ್ತದೇನೋ ಎಂಬಂತೆ. ಎರಡನೇ ಕಪ್ಪು ಯಜಮಾನರದ್ದೇ ಇರಬೇಕು ಎಂದುಕೊಂಡೆ. ಜಾಡಿ ಪಕ್ಕದಲ್ಲೇ ಬಾಯಿ ತೆರೆದು ಕೂತಿತ್ತು. ನನ್ನ ಕೈ ಒಂದು ಬಿಳಿಯನ್ನು ಎತ್ತಿತು, ಒಂದು ಕಪ್ಪನ್ನು ಇಟ್ಟಿತು. ಕೈಯೇ ಮಾಡಿತು ಎಂದು ಬರೆಯುವುದು ಸುಲಭ. ಮಾಡಿದ್ದು ನಾನು. ಬಿಳಿ ಗುಂಡಿಯನ್ನು ಜಾಡಿಗೆ ಮರಳಿ ಹಾಕಿದ್ದರೆ ನೂರರಲ್ಲಿ ಅದೂ ಒಂದಾಗಿ ಕರಗಿಹೋಗುತ್ತಿತ್ತು. ಗಾಬರಿಯಲ್ಲಿ ಅದನ್ನು ಮುಷ್ಟಿಯಲ್ಲೇ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಡಬ್ಬಿ ಹಿಡಿದು ಹಾಲ್‌ಗೆ ಬಂದು ಎಲ್ಲರಿಗೂ ತೋರಿಸಿದೆ.

"ಎರಡು ಬಿಳಿ, ಮೂರು ಕಪ್ಪು."

ಅತ್ತೆ ಅಕ್ಕನತ್ತ ಒಮ್ಮೆ ನೋಡಿದರು. ಆಮೇಲೆ, "ಸರಿ. ಡಬ್ಬಿ ಹೇಳಿದ ಮೇಲೆ ಆಯ್ತು" ಎಂದು ಎದ್ದರು. ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವಳು ಅಕ್ಕ. "ನೋಡಿದ್ಯಾ ಹುಡುಗಿ, ಕೊನೆಗೂ ನಿನ್ನ ನೆಲ!" ಎಂದು ನನ್ನ ಕೆನ್ನೆ ಹಿಂಡಿದಳು. ಆ ಕೆನ್ನೆಯನ್ನು ಅವತ್ತು ಎಲ್ಲಿಡಲಿ ಎಂದು ನನಗೆ ತಿಳಿಯಲಿಲ್ಲ.

ಪೆಟ್ಟಿಗೆಗಳು ಬಂದವು. ನೆಲ ಹಾಸುವ ಮೇಸ್ತ್ರಿ, ಹಲಗೆಗಳು ಎರಡು ದಿನ ಮನೆಯೊಳಗೆ ಸುಮ್ಮನೆ ಮಲಗಿರಬೇಕು, ನಮ್ಮ ಮನೆಯ ಗಾಳಿ ಅವಕ್ಕೆ ಒಗ್ಗಬೇಕು ಎಂದ. "ಹೊಸ ಸೊಸೆ ಇದ್ದ ಹಾಗೆ" ಎಂದು ಅತ್ತೆ ನನ್ನತ್ತ ನೋಡಿ ನಕ್ಕರು. ಮೂರನೇ ದಿನ ಅವನು ಅಕ್ಕನ ಕೋಣೆಯ ಗೋಡೆಯಿಂದ ಶುರು ಮಾಡಿದ. ಹಲಗೆಗೆ ಹಲಗೆ ಕಚ್ಚಿಸುತ್ತ, ಗೋಡೆಯ ಉದ್ದಕ್ಕೂ ಬೆರಳಗಲ ಸಂದು ಬಿಡುತ್ತ ಬಂದ. ಸೆಕೆಗೆ ಹಲಗೆ ಹಿಗ್ಗುತ್ತದೆ, ಜಾಗ ಇಲ್ಲದಿದ್ದರೆ ನಡುವೆ ಉಬ್ಬಿ ಏಳುತ್ತದೆ. ಆ ಸಂದಿನ ಮೇಲೆ ಕೊನೆಗೆ ಗೋಡೆಪಟ್ಟಿ ಕೂರುತ್ತದೆ, ಯಾರಿಗೂ ಕಾಣುವುದಿಲ್ಲ. ಅಕ್ಕನ ಬಾಗಿಲಲ್ಲಿ ಒಂದು ಲೋಹದ ಪಟ್ಟಿ ಹಾಕಿ ಕೋಣೆಯದನ್ನೂ ಹಾಲ್‌ನದನ್ನೂ ಬೇರೆ ಮಾಡಲೇ ಎಂದು ಕೇಳಿದ. "ಬೇಡ, ಬೇಡ. ಪಟ್ಟಿ ಕಾಣಬಾರದು. ಒಂದೇ ಹಾಳೆಯ ಹಾಗೆ ಹರೀಬೇಕು" ಎಂದೆ.

ಅವನು ಗರಗಸ ತರಲು ಹೊರಗೆ ಹೋದಾಗ ನಾನು ಅಕ್ಕನ ಕಿಟಕಿಯ ಕೆಳಗೆ ಕೂತು, ನಾಲ್ಕು ದಿನದಿಂದ ಪರ್ಸಿನಲ್ಲಿ ಅಲೆದಾಡುತ್ತಿದ್ದ ಬಿಳಿ ಗುಂಡಿಯನ್ನು ಆ ಸಂದಿಗೆ ತಳ್ಳಿದೆ. ಜಾಡಿಗೆ ಹಾಕಬಹುದಿತ್ತು. ಹಾಕಲು ಹೋದಾಗಲೆಲ್ಲ ಅಕ್ಕ ಅಲ್ಲಿಯೇ ಕೂತಿರುತ್ತಿದ್ದಳು. ಸಂಜೆಗೆ ಅದರ ಮೇಲೆ ಗೋಡೆಪಟ್ಟಿ ಕೂತಿತು.

ನೆಲ ಚೆಂದವಾಗಿತ್ತು, ಸುಳ್ಳು ಹೇಳಬಾರದು. ಮೊದಲ ದಿನ ನಾನು ಬರಿಗಾಲಲ್ಲಿ ಈ ತುದಿಯಿಂದ ಆ ತುದಿಗೆ ಹೋಗಿ ಬಂದೆ. ಪಾದಕ್ಕೆ ಪಾದ ಅಂಟಿಸಿಕೊಂಡು ಇನ್ನೊಬ್ಬಳು ನನ್ನ ಜೊತೆ ನಡೆದಳು. ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಎರಡನೇ ವಾರಕ್ಕೆ ಅಕ್ಕ ಮಧ್ಯಾಹ್ನವೇ ದೀಪ ಹಾಕಲು ಶುರು ಮಾಡಿದಳು. ಅವಳ ಕೋಣೆಗಿರುವುದು ಒಂದೇ ಕಿಟಕಿ. ಅದರಿಂದ ಬಂದ ಬೆಳಕು ನೆಲಕ್ಕೆ ಬಿದ್ದು ಅಲ್ಲೇ ಮುಗಿದುಹೋಗುತ್ತಿತ್ತು. ಮಿಷನ್ನಿನ ಶಬ್ದ ನಡುನಡುವೆ ನಿಲ್ಲತೊಡಗಿತು. ಇಣುಕಿದರೆ ಅಕ್ಕ ಮಂಡಿಯೂರಿ, ದಾರಕ್ಕೆ ಕಟ್ಟಿದ ಮ್ಯಾಗ್ನೆಟ್ಟನ್ನು ನೆಲದ ಮೇಲೆ ಎಳೆಯುತ್ತಿರುತ್ತಿದ್ದಳು. ಕೆಳಗೆ ಬಿಳಿ ಬಟ್ಟೆ ಹಾಸಿ ನೋಡಿದಳು. ಆ ನುಣುಪಿನ ಮೇಲೆ ಬಟ್ಟೆ ಜಾರಿ ಅಳತೆ ಕೊಡಲು ಬಂದ ಹೆಂಗಸೊಬ್ಬಳು ಬೀಳುವುದರಲ್ಲಿದ್ದಳು.

"ಏನು ಹುಡುಕ್ತಿದ್ದೀಯ ಅಕ್ಕಾ?"

"ಏನಿಲ್ಲ ಕಣೇ, ಮೀನು ಹಿಡೀತಿದ್ದೀನಿ" ಎಂದು ನಗುತ್ತಿದ್ದಳು.

ಒಂದು ಬೆಳಿಗ್ಗೆ ಅತ್ತೆಯ ಹಿಮ್ಮಡಿಗೆ ಸೂಜಿ ಚುಚ್ಚಿತು. ಹೆಚ್ಚೇನಲ್ಲ, ಒಂದು ಹನಿ ರಕ್ತ. ಆದರೆ ಅಕ್ಕ ಅವತ್ತು ಅತ್ತೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒರೆಸಿದ ಮೇಲೆ ನಗಲಿಲ್ಲ. ಊಟಕ್ಕೆ ಕೂತಾಗ ತಟ್ಟೆಯನ್ನೇ ನೋಡುತ್ತ ಹೇಳಿದಳು: "ಮೇನ್ ರೋಡಿನ ಬಟ್ಟೆ ಅಂಗಡಿಯವರು ಮಹಡಿ ಮೇಲೆ ಜಾಗ ಕೊಡ್ತಾರಂತೆ. ದೊಡ್ಡ ಗಾಜಿನ ಕಿಟಕಿ ಇದೆ. ಹಿಂದೆ ಇರೋಕೆ ಒಂದು ಕೋಣೆನೂ ಇದೆ. ಮುಂದಿನ ಸೋಮವಾರದಿಂದ ಹೋಗ್ತೀನಿ."

"ಇರೋಕೂನಾ?" ಪುಟ್ಟಿಯ ತುತ್ತು ಅರ್ಧಕ್ಕೇ ನಿಂತಿತು. "ದೊಡ್ಡಮ್ಮ, ಮತ್ತೆ ನನ್ನ ಜಡೆ?"

"ಭಾನುವಾರ ಬಂದು ಹಾಕ್ತೀನಿ. ವಾರಕ್ಕಾಗೋ ಅಷ್ಟು ಬಿಗಿಯಾಗಿ."

ಯಜಮಾನರು ಕೈ ತೊಳೆದುಕೊಂಡವರೇ, "ಅತ್ತಿಗೆ, ಏನಿದು? ನಿಮ್ಮ ಕೋಣೆಯದ್ದಷ್ಟೇ ಬದಲಾಯಿಸಿದರಾಯ್ತು. ಬಾಗಿಲಲ್ಲಿ ಕೊಯ್ದು ತಿಳಿ ಬಣ್ಣ ಹಾಕಿಸೋಣ" ಎಂದರು.

"ಬೇಡಪ್ಪ. ಡಬ್ಬಿ ಹೇಳಿದ್ದನ್ನ ಇಲ್ಲಿವರೆಗೆ ಯಾರಿಗೂ ಬದಲಾಯಿಸಿಲ್ಲ. ಈ ಮಗು ನಾಯಿ ಬೇಕು ಅಂತ ಎರಡು ದಿನ ಅತ್ತಳು, ಅವಳಿಗೂ ಬದಲಾಯಿಸಲಿಲ್ಲ. ಈಗ ನನಗೆ ಮಾತ್ರ ಬದಲಾಯಿಸಿದರೆ ಅವಳ ಮುಖ ಹೇಗೆ ನೋಡಲಿ?"

 ಆ ನಿಯಮಕ್ಕೆ ಅತ್ತೆಯೇ ಕಾವಲು. ನಾನು ನೀರು ಕುಡಿದೆ, ಇನ್ನೊಂದು ಲೋಟ ಕುಡಿದೆ. 

ಶನಿವಾರ ಮಧ್ಯಾಹ್ನ ಅಕ್ಕ ದಾರದ ಉಂಡೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. "ಏ ಹುಡುಗಿ, ಬಾ, ಒಂದಿಪ್ಪತ್ತು ಸೂಜಿಗೆ ದಾರ ಪೋಣಿಸಿ ಕೊಡು, ಅಲ್ಲಿ ಯಾರನ್ನ ಕೇಳಲಿ?" ಎಂದಳು. ನಾನು ಕಿಟಕಿಯ ಕೆಳಗೆ ಕೂತೆ. ಹತ್ತು ಪೋಣಿಸುವ ತನಕ ಹೇಗೋ ತಡೆದೆ. ಹನ್ನೊಂದನೆಯ ಸೂಜಿಯ ಕಣ್ಣು ಕಾಣಿಸಲಿಲ್ಲ.

"ಅಕ್ಕಾ, ಗೆದ್ದಿದ್ದು ಬಿಳಿ."

"ಏನು ಬಿಳಿ?"

"ಮೂರು ಬಿಳಿ ಇತ್ತು, ಎರಡು ಕಪ್ಪು. ನಾನೇ ಒಂದನ್ನ ಬದಲಾಯಿಸಿದೆ. ತಿಳಿ ಬಣ್ಣನೇ ತಗೊಳ್ಳಿ ಅಂತ ಅಂಗಡಿಯವರೂ ಹೇಳಿದ್ರು, ಸೂಜಿ ಕಾಣಲ್ಲ ಅಂತಾನೂ ಹೇಳಿದ್ರು. ನಾನು ಹೇಳಲಿಲ್ಲ. ನೀನು ಬೈಯಿ. ಹೊಡೆದರೂ ಹೊಡಿ."

ಅಕ್ಕ ಬೈಯಲಿಲ್ಲ. ಬೆರಳು ಮಡಿಸಿ ಏನನ್ನೋ ಎಣಿಸುತ್ತಿದ್ದಳು. "ತಡಿ, ತಡಿ. ಎರಡು ಕಪ್ಪು ಅಂದ್ರೆ ನೀನು ಮತ್ತೆ ನಾನು."

"ನೀನಾ?"

"ಮತ್ತಿನ್ಯಾರು? ಒಂಬತ್ತು ವರ್ಷದವಳು ಆ ಮನೆಯಿಂದ ಓಡಿ ಬಂದು, ನನ್ನ ಮಿಷನ್ ನಿಲ್ಲಿಸಿ, 'ಅಕ್ಕಾ, ನಮ್ಮನೆಗೂ ಕುರ್ಚಿ ಕಾಣೋ ನೆಲ ಹಾಕಿಸೋಣ' ಅಂದೆಯಲ್ಲ, ಮರೆತ್ಯಾ? ನಾನು ಮರೀಲಿಲ್ಲ." ಅವಳು ಮತ್ತೆ ಬೆರಳುಗಳತ್ತ ನೋಡಿದಳು. "ಹಾಗಾದ್ರೆ ಬಿಳಿ ಹಾಕಿದ್ದು ನಿಮ್ಮತ್ತೆ, ನಿನ್ನ ಗಂಡ, ಪುಟ್ಟಿ. ಮೂರೂ ಜನ." ಅವಳ ದನಿ ಸಣ್ಣದಾಯಿತು. "ನನಗೋಸ್ಕರ ಹಾಕಿದ್ರೇನೇ?"

 ನಾನು ಯಜಮಾನರದ್ದು ಎಂದುಕೊಂಡಿದ್ದ ಕಪ್ಪು ಗುಂಡಿ ಅಕ್ಕನದಾಗಿತ್ತು. ನನ್ನ ಆಸೆಗೆಂದು ಅವಳು ತನ್ನ ಬೆಳಕನ್ನು ಬಿಟ್ಟುಕೊಟ್ಟಿದ್ದಳು; ಅವಳ ಬೆಳಕಿಗೆಂದು ಉಳಿದ ಮೂವರು ಹಾಕಿದ್ದನ್ನು ನಾನು ಕದ್ದಿದ್ದೆ. ಒಂದು ಗುಂಡಿ ಎಂದುಕೊಂಡಿದ್ದೆ, ಇಡೀ ಮನೆಯನ್ನೇ ಕದ್ದಹಾಗಾಗಿತ್ತು.

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನೆಲ ಹೋಗಲಿ. ಡಬ್ಬೀಲಿ ಕೈ ಹಾಕಿದ್ಯಲ್ಲೇ." ಅಷ್ಟೇ ಅಂದದ್ದು. ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

"ನೀನು ಹೋಗಬೇಡ" ಎಂದೆ. "ಎಲ್ಲರಿಗೂ ಹೇಳ್ತೀನಿ."

"ಹೋಗಲ್ಲ. ಆದರೆ ಯಾರಿಗೂ ಹೇಳಬೇಡ. ನಿಮ್ಮತ್ತೆಗೆ ಈ ವಯಸ್ಸಲ್ಲಿ ಅದೊಂದು ಯಾಕೆ? ನನ್ನ ಕಣ್ಣಿನ ನೆಪ ಹೇಳಿ ಕೋಣೆ ನೆಲ ಬದಲಾಯಿಸಿಕೊಳ್ತೀನಿ. ಆ ಮಾತು ನನ್ನ ಮೇಲೇ ಇರಲಿ."

ಹಾಗೆಂದು ದಾರದ ಉಂಡೆಗಳನ್ನು ಪೆಟ್ಟಿಗೆಯಿಂದ ಒಂದೊಂದಾಗಿ ತೆಗೆದು ಮತ್ತೆ ಗೂಡಿನಲ್ಲಿಟ್ಟಳು.

ಮುಂದಿನ ಭಾನುವಾರ ಮೇಸ್ತ್ರಿ ಬಂದ. ಬಾಗಿಲಲ್ಲಿ ಗೆರೆ ಹೊಡೆದು ಕೊಯ್ದ. ಮನೆಯವರೆಲ್ಲ ಅಕ್ಕನ ಬಾಗಿಲಲ್ಲೇ ನಿಂತಿದ್ದೆವು. ಪುಟ್ಟಿ ಮಾತ್ರ ಮುಖ ಊದಿಸಿಕೊಂಡಿದ್ದಳು.

"ಡಬ್ಬಿ ಹೇಳಿದ್ದನ್ನ ಬದಲಾಯಿಸಬಹುದು ಅಂದ್ರೆ ನನ್ನ ನಾಯಿ? ಅವತ್ತು ಯಾರೂ ಬದಲಾಯಿಸಲಿಲ್ಲ."

"ನಿನ್ನ ಮಾತು ಸರಿ ಪುಟ್ಟಿ" ಎಂದಳು ಅಕ್ಕ. "ನಿಯಮ ಮುರಿದವಳು ನಾನು. ಕಣ್ಣು ಕೇಳಲಿಲ್ಲ. ನೀನು ಬೈಯಬೇಕು ಅಂದ್ರೆ ನನ್ನನ್ನ ಬೈಯಿ."

ಅತ್ತೆ ಅಕ್ಕನತ್ತ ನೋಡಿದರು. ಬೈಗುಳ ಇರಲಿಲ್ಲ, ಆದರೆ ಅವರ ಕಣ್ಣಲ್ಲಿ ಅಕ್ಕ ಒಂದು ಮೆಟ್ಟಿಲು ಕೆಳಗಿಳಿದದ್ದು ನನಗೆ ಕಂಡಿತು. ಅಷ್ಟರಲ್ಲಿ ಮೇಸ್ತ್ರಿ ಕಿಟಕಿಯ ಕೆಳಗಿನ ಗೋಡೆಪಟ್ಟಿ ಕಿತ್ತ. ಸಂದಿನಲ್ಲಿ ಐದಾರು ಸೂಜಿಗಳು ಸಾಲಾಗಿ ಮಲಗಿದ್ದವು. ಅವುಗಳ ಪಕ್ಕ ಗುಂಡಿ.

"ನೋಡೀಮ್ಮ, ಸಂದಿಗೆ ಏನೂ ಬೀಳಬಾರದು ಅಂದಿದ್ನಲ್ಲ" ಎಂದು ಅದನ್ನು ಅಂಗೈಯಲ್ಲಿಟ್ಟು ಚಾಚಿದ. "ಸೂಜಿ ಸರಿ, ಪಟ್ಟಿ ಕೆಳಗೆ ನುಸುಳಿರುತ್ತೆ. ಇಷ್ಟು ದಪ್ಪದ ಗುಂಡಿ ಹೇಗೆ ಹೋಯ್ತು?"

"ನನ್ನದೇಪ್ಪ" ಎಂದು ಅಕ್ಕ ಥಟ್ಟನೆ ಕೈ ಮುಂದೆ ಮಾಡಿದಳು. "ಹೊಲಿಗೆಯವಳ ಕೋಣೆ, ಗುಂಡಿ ಎಲ್ಲಿ ತಾನೇ ಉರುಳಲ್ಲ?"

ಯಾರೂ ಇನ್ನೊಂದು ಪ್ರಶ್ನೆ ಕೇಳುತ್ತಿರಲಿಲ್ಲ. ಮೇಸ್ತ್ರಿ ಆಗಲೇ ಹಲಗೆಯತ್ತ ತಿರುಗಿದ್ದ. ನಾನು ಅಕ್ಕನ ಕೈ ಸರಿಸಿ ಗುಂಡಿ ತೆಗೆದುಕೊಂಡೆ.

"ಇದು ಡಬ್ಬಿಯದು" ಎಂದೆ. "ಇದನ್ನ ತೆಗೆದು ಕಪ್ಪು ಹಾಕಿದವಳು ನಾನು. ಗೆದ್ದಿದ್ದು ಬಿಳಿ. ಅಕ್ಕ ಯಾವ ನಿಯಮನೂ ಮುರಿದಿಲ್ಲ. ಮುರಿದವಳು ನಾನು."

ಯಜಮಾನರು ಏನೋ ತಮಾಷೆ ಹೇಳಲು ಹೊರಟು ನನ್ನ ಮುಖ ನೋಡಿ ನಿಂತರು. ಮೇಸ್ತ್ರಿ ಪಾಪ, ಸುತ್ತಿಗೆ ಹುಡುಕುವ ನೆಪದಲ್ಲಿ ಹೊರಗೆ ಹೋದ. ಅತ್ತೆ, "ಹಾಗಾದ್ರೆ ಫ್ರಿಜ್ಜು?" ಎಂದರು.

"ಇಲ್ಲ ಅತ್ತೆ, ಅದು ಸರಿಯಾಗೇ..."

"ಬಾಗಿಲ ಗಂಟೆ?"

"ಅದೂ ಸರಿಯಾಗೇ ಎಣಿಸಿದ್ದೆ. ಇದೊಂದೇ ಅತ್ತೆ. ಆಣೆಗೂ ಇದೊಂದೇ."

"ನಾಯಿ?" ಪುಟ್ಟಿ ಕೇಳಿದಳು. ಅವಳು ಅಳುತ್ತಿರಲಿಲ್ಲ. ದೊಡ್ಡವರು ಒಬ್ಬರನ್ನೊಬ್ಬರು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದಳು. "ನಾಯಿ ಬೇಡ ಅಂತ ಬಂದಿದ್ದೂ ನೀನೇ ಮಾಡಿದ್ದಾ?"

"ಅದು ನಿಜ ಪುಟ್ಟಿ. ನಾಲ್ಕು ಕಪ್ಪು, ಒಂದು ಬಿಳಿ."

ಅವಳು ನಂಬಲಿಲ್ಲ. ನಂಬಿಸಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ನಿಜ ಹೇಳಿ ಅದು ಸುಳ್ಳಿನ ಹಾಗೆ ಕೇಳಿಸುವುದನ್ನು ನಾನೇ ನಿಂತು ಕೇಳಿದೆ.

ಅಕ್ಕ ಮಂಡಿಯೂರಿ ಅವಳ ಎರಡೂ ಜಡೆ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು. "ನಾಯಿ ದಿನ ನಿಮ್ಮಮ್ಮ ಡಬ್ಬಿ ತೆರೆದಾಗ ನಾನು ಇಲ್ಲೇ ಮಿಷನ್ ಮುಂದೆ ಕೂತಿದ್ದೆ ಕಣೋ ಕಂದ. ನಾನೂ ನೋಡಿದೆ. ನಾಲ್ಕು ಕಪ್ಪು, ಒಂದು ಬಿಳಿ."

"ನಿಜ ದೊಡ್ಡಮ್ಮ?"

"ನಿಜ."

ಪುಟ್ಟಿಯ ಭುಜ ಇಳಿಯಿತು. ದೊಡ್ಡಮ್ಮ ಹೇಳಿದ ಮೇಲೆ ಮುಗಿಯಿತು. ಅತ್ತೆಯೂ ಉಸಿರುಬಿಟ್ಟು, "ಮೇಸ್ತ್ರೀನ ಕರೀರಿ, ಬೆಳಕಿರೋವಾಗ ಮುಗಿಸಲಿ" ಎಂದರು.

ನಾಯಿಯ ದಿನ ಅಕ್ಕ ಮಿಷನ್ ಮುಂದೆ ಇರಲೇ ಇಲ್ಲ. ತನ್ನ ಗುಂಡಿ ಹಾಕಿದವಳೇ ಹೊಲಿದ ಬಟ್ಟೆಯ ಗಂಟು ಹೊತ್ತುಕೊಂಡು ಮನೆಮನೆಗೆ ಮುಟ್ಟಿಸಲು ಹೋಗಿದ್ದಳು; ಚಿಕ್ಕಂದಿನಲ್ಲಿ ನಾನು ಮಾಡುತ್ತಿದ್ದ ಕೆಲಸ. ಅದು ನನಗೆ ಗೊತ್ತು, ಅವಳಿಗೆ ಗೊತ್ತು. ನಾನು ಎಣಿಸಿದ ನಿಜ ಈಗ ಈ ಮನೆಯಲ್ಲಿ ಅವಳ ಸುಳ್ಳಿನ ಮೇಲೆ ನಿಂತಿದೆ.

ಸಂಜೆ ಮೇಸ್ತ್ರಿ ಕೊನೆಗೆ ಬಾಗಿಲಲ್ಲಿ ಪಟ್ಟಿ ಹೊಡೆದ. ಈಚೆ ಕಾಫಿ ಬಣ್ಣ, ಆಚೆ ಗೋಧಿ ಬಣ್ಣ. ಅಕ್ಕನ ಕೋಣೆ ದೀಪ ಹಾಕದೆಯೇ ಬೆಳಗಿತು. ಅವಳು ಮಿಷನ್ ಮುಂದೆ ಕೂತು, "ಬಾರೇ ಹುಡುಗಿ, ಇನ್ನೂ ಹತ್ತು ಸೂಜಿ ಬಾಕಿ ಇದೆ" ಎಂದು ಕರೆದಳು. ನಾನು ಪಟ್ಟಿಯವರೆಗೆ ಹೋಗಿ ನಿಂತೆ. ಯಾರೂ ತಡೆದಿರಲಿಲ್ಲ. ಆದರೂ ಕಾಲು ಒಳಗಿಡಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.